ಬೆನ್ನಿನೊಳಗಿನ ಕಾಗದ

ತೆರಿಗೆ ಇಲಾಖೆಯ ಅಧಿಕಾರಿ ಹತ್ತೂವರೆಗೆ ಬರುತ್ತೇನೆಂದು ತಿಳಿಸಿದ್ದರು. ಯಜಮಾನಿ ಎಂಟಕ್ಕೇ ಬಂದು ಬೈಂಡಿಂಗ್ ಅಂಗಡಿಯ ಬೀಗ ತೆಗೆದು, ನೆಲವನ್ನು ತಾನೇ ಗುಡಿಸಿ, ಇನ್ನೇನು ಮಾಡಬೇಕೆಂದು ತಿಳಿಯದೆ, ಅಧಿಕಾರಿ ಕೂರಬೇಕಾದ ಕುರ್ಚಿಯಲ್ಲಿ ಒಮ್ಮೆ ಕೂತು ನೋಡಿದಳು. ಅಲ್ಲಿಂದ ಅಂಗಡಿ ಬೇರೆ ಯಾರದೋ ಆಗಿ ಕಂಡಿತು. ರಟ್ಟಿನ ಅಟ್ಟಿಗಳು, ದಾರದ ಉಂಡೆಗಳು, ವರ್ಷಗಟ್ಟಲೆ ಅಂಟು ಕುಡಿದು ಮರವೋ ಕಲ್ಲೋ ಹೇಳಲಾಗದಂತಾದ ಮೇಜು, ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತ ದೊಡ್ಡ ಕಟಿಂಗ್ ಮೆಷಿನ್, ಎಲ್ಲವೂ ಏನನ್ನೋ ಕಂಡು ಬಾಯಿ ಮುಚ್ಚಿಕೊಂಡಿರುವ ನೆಂಟರ ಹಾಗೆ. ಹೋದ ವರ್ಷ ಕಾಗದ ಕೊಂಡ ಬಿಲ್ಲುಗಳ ಕಟ್ಟು ಸಿಗುತ್ತಿಲ್ಲ. ಬಿಲ್ಲಿಲ್ಲದಿದ್ದರೆ ಖರೀದಿಯೇ ಆಗಿಲ್ಲವೆಂದು ಅರ್ಥ. ಖರೀದಿ ಆಗಿಲ್ಲದಿದ್ದರೆ ಬಂದ ಹಣವೆಲ್ಲ ಲಾಭವೆಂದು ಅರ್ಥ. ಆ ಲಾಭದ ಮೇಲೆ ತೆರಿಗೆ, ತೆರಿಗೆಯ ಮೇಲೆ ದಂಡ. ಲೆಕ್ಕ ನೋಡಿಕೊಡುವ ಆಡಿಟರ್ ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಇದನ್ನೆಲ್ಲ ವಿವರಿಸಿ, ಕೊನೆಗೆ ಮೆತ್ತಗೆ, "ಆ ಮೆಷಿನ್ ಮಾರಿದ್ರೆ ಎಷ್ಟು ಬರಬಹುದು?" ಎಂದು ಕೇಳಿದ್ದರು. ಮೆಷಿನ್ ಹೋದರೆ ಅಂಗಡಿ ಹೋದ ಹಾಗೆ. ಕಾಗದದ ವ್ಯಾಪಾರಿಯನ್ನು ನಕಲು ಕೇಳೋಣವೆಂದರೆ ಅವನು ಅಂಗಡಿ ಮುಚ್ಚಿ, ಎಲ್ಲಿಗೆಂದೂ ಹೇಳದೆ ಊರು ಬಿಟ್ಟಿದ್ದ. "ಗೆದ್ದಲು ತಿಂತು ಅಂದ್ಬಿಡಿ," ಎಂದಿದ್ದರು ಆಡಿಟರ್. "ಕೇಳಿದ್ದಕ್ಕಿಂತ ಒಂದು ಮಾತೂ ಹೆಚ್ಚು ಬೇಡ." ಗೆದ್ದಲು ತಿಂದಿತು, ಗೆದ್ದಲು ತಿಂದಿತು ಎಂದು ಯಜಮಾನಿ ಖಾಲಿ ಅಂಗಡಿಗೆ ಎರಡು ಸಲ ಹೇಳಿದಳು. ಬಟ್ಟೆ ಹೊದ್ದ ಮೆಷಿನ್ ಕೂಡ ನಂಬಿದಂತೆ ಕಾಣಲಿಲ್ಲ.

ಒಂಬತ್ತಕ್ಕೆ ನಾದಿನಿ ಬಂದಳು, ತೀರಿಹೋದ ಗಂಡನ ತಂಗಿ. ಎರಡು ಕೈಯಲ್ಲೂ ಚೀಲ. ಚೀಲದಲ್ಲಿ ದಿನವಹಿಗಳು. ಅವನ್ನು ಮೇಜಿನ ಮೇಲೆ ವರ್ಷದ ಕ್ರಮದಲ್ಲಿ ಜೋಡಿಸಿ, ಅಂಚುಗಳನ್ನು ಅಂಗೈಯಿಂದ ತಟ್ಟಿ ಸಮ ಮಾಡಿದಳು. ಮೂವತ್ತೊಂದು ವರ್ಷದಿಂದ ಈ ಅಂಗಡಿಯ ಲೆಕ್ಕವೆಂದರೆ ಅವಳ ಅಕ್ಷರ. ನೆಟ್ಟಗೆ ನಿಂತ, ಒಂದಕ್ಕೊಂದು ತಗಲದ, ತಮ್ಮ ತಮ್ಮ ಜಾಗದಲ್ಲಿ ತಾವಿರುವ ಅಕ್ಷರಗಳು. ಒಂದು ಕಡೆಯಾದರೂ ಹೊಡೆದು ತಿದ್ದಿದ್ದು ಸಿಕ್ಕೀತೇ ಎಂದು ಯಜಮಾನಿ ಹೊಸ ಸೊಸೆಯಾಗಿ ಬಂದ ವರ್ಷ ಕದ್ದು ಹುಡುಕಿದ್ದಳು; ಸಿಕ್ಕಿರಲಿಲ್ಲ. ಯಾರ ಮನೆಯ ಪುಸ್ತಕಕ್ಕೆ ಯಾವ ಬಣ್ಣದ ಬಟ್ಟೆ ಹಾಕಿದೆವೆಂಬುದು ಕೂಡ ಅದರಲ್ಲಿರುತ್ತಿತ್ತು. ಈಗ ಆ ನಾದಿನಿ ದಿನವಹಿಗಳ ಪಕ್ಕದಲ್ಲಿ ನಿಂತು, ಯಾವುದನ್ನೋ ಕೇಳಿಸಿಕೊಳ್ಳುವವಳಂತೆ ತಲೆ ಓರೆ ಮಾಡಿ, "ಅತ್ತಿಗೆ, ಆ ಕಿಟಕಿ ಪಕ್ಕದ ಗೂಡಲ್ಲಿ ನೋಡಿದ್ವಾ?" ಎಂದಳು.

"ನೋಡಿದ್ವಲ್ಲ. ಎರಡು ಸಲ ನೋಡಿದ್ವಿ."

"ಹೌದಾ? ನೋಡಿದ್ವಾ?" ಎಂದು ನಾದಿನಿ ತನ್ನನ್ನೇ ಕೇಳಿಕೊಂಡಳು. "ನೋಡಿರ್ಬೇಕು ಬಿಡಿ."

ಐದು ವಾರದ ಹಿಂದೆ ನೋಟೀಸು ಬಂದಂದಿನಿಂದ ಅವಳು ಹುಡುಕುತ್ತಿದ್ದಳು. ಅಂಗಡಿಯ ಪ್ರತಿ ಗೂಡನ್ನೂ ಖಾಲಿ ಮಾಡಿ ತುಂಬಿದಳು. ಮನೆಯಲ್ಲಿ ಹಾಸಿಗೆ ಮಗುಚಿದಳು, ಟ್ರಂಕಿನ ತಳಕ್ಕೆ ಹಾಸಿದ್ದ ಕಾಗದವನ್ನೂ ಎತ್ತಿ ನೋಡಿದಳು. ಯಜಮಾನಿಯೂ ಜೊತೆಗೆ ಬಗ್ಗಿ, ಕಪಾಟಿನ ಕೆಳಗೆ ಟಾರ್ಚು ಬಿಟ್ಟು ಹುಡುಕಿದಳು. ಹುಡುಕುವುದರಲ್ಲಿ ಅವಳೆಷ್ಟು ಮುಳುಗಿಬಿಟ್ಟಿದ್ದಳೆಂದರೆ ಒಂದೊಂದು ಸಲ ಎದೆ ಹೊಡೆದುಕೊಳ್ಳುತ್ತಿತ್ತು, ಸಿಕ್ಕೇಬಿಟ್ಟಿತೇನೋ ಎಂದು. ಆದರೆ ಆ ಬಿಲ್ಲುಗಳು ಎಲ್ಲಿವೆಯೆಂದು ಯಜಮಾನಿಗೆ ಗೊತ್ತಿತ್ತು. ಅವು ಮುನ್ನೂರು ರಿಜಿಸ್ಟರುಗಳ ಬೆನ್ನಿನೊಳಗಿದ್ದವು.

ಪುಸ್ತಕ ಹೊಲಿದ ಮೇಲೆ ಬೆನ್ನಿಗೆ ಅಂಟು ಬಳಿದು, ಕಾಗದದ ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿ ಗಟ್ಟಿ ಮಾಡಿ, ಅದರ ಮೇಲೆ ಬಟ್ಟೆ ಎಳೆಯಬೇಕು. ಒಳಗೆ ಯಾವ ಕಾಗದವಿದೆಯೆಂದು ಪುಸ್ತಕ ಸಾಯುವವರೆಗೂ ಯಾರಿಗೂ ಕಾಣುವುದಿಲ್ಲ. ಆ ಕಾಗದವನ್ನು ದುಡ್ಡು ಕೊಟ್ಟು ತರುವವನು ಬೈಂಡರೇ ಅಲ್ಲ, ಶೋಕಿಲಾಲ ಎನ್ನುತ್ತಿದ್ದರು ಅಂಗಡಿ ಹಾಕಿದ ಮಾವ. ಅದಕ್ಕೆಂದೇ ಒಂದು ರದ್ದಿ ಗೂಡು. ಹಳೆಯ ಪತ್ರ, ಹಾಳಾದ ಅಚ್ಚು, ಮುಗಿದ ಕ್ಯಾಲೆಂಡರು, ಏನು ಬಂದರೂ ಅದರೊಳಗೆ; ಈ ಅಂಗಡಿಯಲ್ಲಿ ಬೀದಿಗೆ ಹೋದ ಕಾಗದವಿಲ್ಲ. ಹೋದ ವರ್ಷ ಆಸ್ಪತ್ರೆಯವರ ಮುನ್ನೂರು ರಿಜಿಸ್ಟರುಗಳ ಕೆಲಸ ನಡೆದಾಗ ಕಬ್ಬಿಣದ ಕಪಾಟಿಗೆ ಬಣ್ಣ ಹೊಡೆಸುತ್ತಿದ್ದರು. ನಾದಿನಿ ನೆಗಡಿ ಜ್ವರದ ಮಂಪರಿನಲ್ಲೇ ಬಿಲ್ಲುಗಳ ಕಟ್ಟನ್ನು ಎರಡೇ ದಿನಕ್ಕೆಂದು ರದ್ದಿ ಗೂಡಿನ ಮೇಲಿನ ಹಲಗೆಯಲ್ಲಿಟ್ಟು, ಮನೆಗೆ ಹೋಗಿ ಮಲಗಿದಳು. ಪಟ್ಟಿಗೆ ಕಾಗದ ಸಾಲದಾಯಿತು. ಯಜಮಾನಿ ಕೈ ಹಾಕಿ ಎಳೆದಳು. ಹೆಬ್ಬೆರಳು ಮೊದಲು ಮೆಚ್ಚಿತು, ಎಂಥ ಕಾಗದ, ಬಾಗುತ್ತದೆ, ಮುರಿಯುವುದಿಲ್ಲ. ಮೆಷಿನ್ನಿಗೆ ಕೊಟ್ಟು ಅಲಗು ಇಳಿಸಿದಳು. ಅಲಗು ಎದ್ದಾಗ ವ್ಯಾಪಾರಿಯ ನೀಲಿ ಮೊಹರು ಅರ್ಧಕ್ಕೆ ಸೀಳಿ ಎರಡು ಕಡೆ ಬಿದ್ದಿತ್ತು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಒಂದು ಏಟು ಬಿದ್ದ ಕಾಗದವನ್ನು ಜೋಡಿಸಿ ಅಂಟಿಸಬಹುದಿತ್ತು, ಅಂಟಿಗೇನು ಅಂಗಡಿಯಲ್ಲಿ ಬರವೇ. ಆದರೆ ಮಧ್ಯಾಹ್ನ ಗಾಡಿ ಬರುವುದಿತ್ತು, ಕೆಲಸದವರು ಕೈ ಒಡ್ಡಿ ನಿಂತಿದ್ದರು, ಮತ್ತು ಇಷ್ಟು ವರ್ಷದಲ್ಲಿ ಆ ಬಿಲ್ಲುಗಳನ್ನು ತೋರಿಸಿ ಎಂದು ಯಾವ ಮಹಾರಾಯ ಕೇಳಿದ್ದ? ಅವಳು ಕಾಗದವನ್ನು ಎರಡು ಬೆರಳಿನಷ್ಟು ಸರಿಸಿ ಮತ್ತೆ ಅಲಗು ಇಳಿಸಿದಳು. ಮತ್ತೆ ಸರಿಸಿದಳು. ಕೈಗೆ ಆ ಲಯ ಈಗಲೂ ನೆನಪಿದೆ.

ಹೇಳಬಾರದೆಂದು ಅವಳೇನೂ ಪಣ ತೊಟ್ಟಿರಲಿಲ್ಲ. ನೋಟೀಸು ಬಂದ ದಿನ ಹೇಳುವವಳಿದ್ದಳು. ಅಷ್ಟರಲ್ಲಿ ನಾದಿನಿ ಕಪಾಟು ತೆಗೆದು, ಖಾಲಿ ಜಾಗ ನೋಡಿ, ಬೆಳ್ಳಗಾಗಿ ತಿರುಗಿ, "ಅತ್ತಿಗೆ, ನಾನು ಎಲ್ಲಿಟ್ಟೆ?" ಎಂದಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಆ ಹೆಂಗಸು ಇವಳನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಮಾವನಿಗೆ ಮಗಳ ಅಕ್ಷರ ತೋರಿಸಿ ಗಿರಾಕಿಗಳ ಎದುರು ಬೀಗುವುದೇ ಒಂದು ಕೆಲಸವಾಗಿತ್ತು. ಸೊಸೆ ದಿನಕ್ಕೆ ನಲವತ್ತು ಪುಸ್ತಕ ಹೊಲಿದರೂ ಹೊಲಿಗೆಯಲ್ಲವೇ, ಬಟ್ಟೆಯೊಳಗೆ ಹೋಗುತ್ತದೆ. ಯಜಮಾನಿಯ ಎದೆಯಲ್ಲಿ ಆಗ ಎದ್ದದ್ದು ಏನೆಂದು ಅವಳಿಗೆ ಗೊತ್ತಿದೆ, ಅದಕ್ಕೆ ಬೇರೆ ಹೆಸರಿಲ್ಲ, ಅದು ಸಂತೋಷ. ಕ್ಷಣ ಮಾತ್ರದ್ದು, ಸಣ್ಣದು, ಕೊಳಕು. ಆ ಸಂತೋಷದ ಬಾಯಿಂದಲೇ ಅವಳು, "ವಯಸ್ಸಾಯ್ತಲ್ಲ, ಬಿಡು," ಎಂದಿದ್ದಳು. ಆ 'ಬಿಡು' ಎಂಬ ಮಾತನ್ನು ಎಷ್ಟು ಮೃದುವಾಗಿ ಹೇಳಿದ್ದಳೆಂದರೆ ನಾದಿನಿಯ ಕಣ್ಣಲ್ಲಿ ನೀರು ಬಂದಿತ್ತು.

ಹತ್ತೂವರೆಗೆ ಸರಿಯಾಗಿ ಅಧಿಕಾರಿ ಬಂದರು. ನಡುವಯಸ್ಸಿನ, ಸಣಕಲು ಮನುಷ್ಯ. ಕನ್ನಡಕ ದಾರದಲ್ಲಿ ಎದೆಯ ಮೇಲೆ ತೂಗುತ್ತಿತ್ತು. ಬಾಗಿಲಲ್ಲಿ ನಿಂತು ಗಾಳಿ ಮೂಸಿ, "ಎಷ್ಟು ವರ್ಷ ಆಯ್ತು ಈ ವಾಸನೆ ಕಂಡು," ಎಂದರು. ಯಾವ ವಾಸನೆ, ಯಾಕೆ, ಹೇಳಲಿಲ್ಲ. ಅಂಟು ಕಾಯಿಸುತ್ತಿದ್ದ ಹಳೆಯ ಕೆಲಸಗಾರ, ಎಲ್ಲರೂ ಅಂಟಣ್ಣ ಎಂದು ಕರೆಯುವವನು, "ಅಂಟು ಸ್ವಾಮಿ, ಇನ್ನೇನಿಲ್ಲ. ಒಂದ್ಸಲ ಹತ್ತಿದ್ರೆ ಬಟ್ಟೆ ಬಿಟ್ರೂ ವಾಸನೆ ಬಿಡಲ್ಲ. ನನ್ನ ಹೆಂಡ್ತೀನ ಕೇಳಿ," ಎಂದ. ಅಧಿಕಾರಿ ನಕ್ಕರು. ಯಜಮಾನಿಗೂ ನಗಬೇಕೆನಿಸಿತು, ಆದರೆ ಕೇಳಿದ್ದಕ್ಕಿಂತ ಹೆಚ್ಚು ಮಾತು ಬೇಡವೆಂದರೆ ನಗು ಅದರಲ್ಲಿ ಸೇರುತ್ತದೋ ಇಲ್ಲವೋ ತಿಳಿಯದೆ ತುಟಿ ಬಿಗಿಹಿಡಿದಳು.

ಅವರು ದಿನವಹಿಯನ್ನು ತೆರೆದ ರೀತಿಯನ್ನು ಅವಳು ಮರೆಯಲಾರಳು. ಹೊಸ ಪುಸ್ತಕದ ಬೆನ್ನು ಸಿಡಿಯಬಾರದೆಂದು ಬೈಂಡರು ತೆರೆಯುವ ಹಾಗೆ, ಮೊದಲು ಮುಂದಿನ ರಟ್ಟು, ಆಮೇಲೆ ಹಿಂದಿನದು, ಆಮೇಲೆ ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪವೇ ಹಾಳೆಗಳನ್ನು ಒತ್ತುತ್ತ ನಡುವಿಗೆ ಬಂದರು. ಬೆರಳಿಗೆ ಎಂಜಲು ಹಚ್ಚಲಿಲ್ಲ. ಒಂದೂವರೆ ಗಂಟೆ ಅವರು ತಲೆ ಎತ್ತಲಿಲ್ಲ. ಕೊಟ್ಟ ಚಹಾ ಕೆನೆ ಕಟ್ಟಿತು. ಕಳ್ಳನನ್ನು ಹಿಡಿಯಲು ಬಂದವರು ಹೀಗೆ ಓದುತ್ತಾರೆಯೇ? ದಾರ ಕೊಂಡದ್ದು, ಸೂಜಿ ಕೊಂಡದ್ದು, ಅಂಟಣ್ಣನ ಕಾಲಿಗೆ ಮುಲಾಮು ತಂದದ್ದು, ಎಲ್ಲವನ್ನೂ ಸಾಲು ಬಿಡದೆ ಓದುತ್ತಿದ್ದರು. ತನ್ನ ಜೀವಮಾನದಲ್ಲಿ ನಾದಿನಿಯ ಲೆಕ್ಕವನ್ನು ಪೂರ್ತಿ ಓದಿದವನು ಇವನೊಬ್ಬನೇ ಎಂದು ಯಜಮಾನಿಗೆ ಅನ್ನಿಸಿತು. ಮಾವ ಕೂಡ ಅಕ್ಷರವನ್ನು ಹೊಗಳಿದರೇ ಹೊರತು ಓದಿರಲಿಲ್ಲ.

"ಯಾರು ಬರೆದಿರೋದು ಇದನ್ನ?"

"ನಾನು," ಎಂದಳು ನಾದಿನಿ, ತಪ್ಪೊಪ್ಪಿಕೊಳ್ಳುವವಳಂತೆ.

"ಇಲಾಖೆಗೆ ಬಂದು ನಮ್ಮವರಿಗೆ ಸ್ವಲ್ಪ ಹೇಳಿಕೊಡಿ," ಎಂದು ಅಧಿಕಾರಿ ಕನ್ನಡಕ ಒರೆಸಿಕೊಂಡರು. "ಸರಿ. ಈಗ ಕಾಗದದ ಖರೀದಿ ಬಿಲ್ಲು ಕೊಡಿ."

ಯಜಮಾನಿಯ ಬಾಯಲ್ಲಿ ಗೆದ್ದಲು ಸಿದ್ಧವಾಗಿತ್ತು. "ಅದು ಸ್ವಾಮಿ, ಕಪಾಟಿಗೆ ಗೆದ್ದಲು..."

"ಗೆದ್ದಲಲ್ಲ," ಎಂದಳು ನಾದಿನಿ. ದನಿ ಎತ್ತರಿಸಲಿಲ್ಲ. "ನಮ್ಮತ್ತಿಗೆ ನನ್ನ ಮರ್ಯಾದೆ ಉಳಿಸೋಕೆ ಹಾಗಂತಾರೆ. ಕಬ್ಬಿಣದ ಕಪಾಟಿಗೆ ಎಲ್ಲಿಯ ಗೆದ್ದಲು? ಬಿಲ್ಲು ನನ್ನ ಕೈಲೇ ಇತ್ತು, ನಾನೇ ಎಲ್ಲೋ ಇಟ್ಟೆ, ಎಲ್ಲಿ ಅಂತ ಮರೆತೆ. ನನಗೆ ಈಚೆಗೆ ಮರೆವು. ಹಾಗಂತ ಬರ್ಕೊಳ್ಳಿ. ಅಂಗಡಿಯವರ ತಪ್ಪು ಇದರಲ್ಲಿ ಏನೂ ಇಲ್ಲ."

ಅಧಿಕಾರಿ ಪೆನ್ನು ಎತ್ತಲಿಲ್ಲ. ದಿನವಹಿಯ ಮೇಲೆ ಅಂಗೈ ಊರಿದರು. "ಅಮ್ಮ, ನೀವು ಹೇಳಿದ್ದನ್ನ ಹಾಗೇ ಬರೆದ್ರೆ ಏನಾಗತ್ತೆ ಗೊತ್ತಾ? ಬಿಲ್ಲು ಇಲ್ಲ. ಇರೋದು ಈ ಪುಸ್ತಕ ಒಂದೇ. ಬರೆದವರಿಗೆ ಮರೆವು ಅಂತ ಬರೆದವರೇ ಹೇಳ್ತಾರೆ. ಆಮೇಲೆ ಈ ಪುಸ್ತಕಾನ ನಾನು ಹೇಗೆ ನಂಬ್ಲಿ? ಮೇಲಿನವರು ಹೇಗೆ ನಂಬ್ತಾರೆ?"

ನಾದಿನಿ ಇದನ್ನು ಯೋಚಿಸಿರಲಿಲ್ಲ. ಅವಳ ಕೈ ದಿನವಹಿಗಳ ಕಡೆ ಹೋಗಿ, ಮುಟ್ಟದೆ, ಹಿಂದಕ್ಕೆ ಬಂತು. ಮೂವತ್ತೊಂದು ವರ್ಷದ ಸಾಲುಗಳು ಒಂದೊಂದಾಗಿ ಕಳಚಿ ಬೀಳುವುದನ್ನು ನೋಡುವವಳ ಮುಖ. ಯಜಮಾನಿ ಆ ಮುಖವನ್ನು ನೋಡಿದಳು. ಐದು ವಾರದಿಂದ ನೋಡದೆ ನೋಡುತ್ತಿದ್ದವಳು ಈಗ ನೋಡಿದಳು. ಕೆನ್ನೆ ಇಳಿದಿತ್ತು. ಈ ಹೆಂಗಸು ಅಂಗಡಿ ಉಳಿಸಲು ತನ್ನ ತಲೆಯನ್ನೇ ಒತ್ತೆಯಿಟ್ಟಿದ್ದಾಳೆ, ಅದೂ ಕೆಡದ ತಲೆಯನ್ನು. ಈಗ ಬಾಯಿ ಬಿಟ್ಟರೆ ಬಿಲ್ಲು ಕತ್ತರಿಸಿದ್ದಷ್ಟೇ ಅಲ್ಲ, ಟಾರ್ಚು ಹಿಡಿದದ್ದು, 'ಬಿಡು' ಎಂದದ್ದು, ಎಲ್ಲ ಹೊರಗೆ ಬೀಳುತ್ತದೆ, ಅಂಟಣ್ಣನ ಎದುರಿಗೆ, ಹೊರಗಿನ ಗಂಡಸಿನ ಎದುರಿಗೆ. ಅವಳು ಎದ್ದು ನಿಂತಳು, ಕೂತು ಹೇಳುವ ಮಾತಲ್ಲ ಎಂಬಂತೆ.

"ಅವಳು ಏನೂ ಮರೆತಿಲ್ಲ," ಎಂದಳು. "ಬಿಲ್ಲು ಕತ್ತರಿಸಿದ್ದು ನಾನು. ಆಸ್ಪತ್ರೆ ರಿಜಿಸ್ಟರ್ ಬೆನ್ನಿಗೆ ಹಾಕಿದೀನಿ. ಮೊದಲನೇ ಏಟಿಗೇ ಗೊತ್ತಾಯ್ತು. ಗೊತ್ತಾದ ಮೇಲೂ ಕತ್ತರಿಸಿದೆ."

ಅಂಟಿನ ತಪ್ಪಲೆಯಲ್ಲಿ ಗುಳ್ಳೆ ಒಡೆಯುವ ಸದ್ದು ಕೇಳುತ್ತಿತ್ತು. ನಾದಿನಿಯ ಕಡೆ ನೋಡುವ ಧೈರ್ಯವಾಗದೆ ಯಜಮಾನಿ ಅಂಟಣ್ಣನಿಗೆ, "ಏಣಿ ಹಾಕು," ಎಂದಳು. ಗೆರೆ ಓರೆಯಾಯಿತೆಂದು ಆಸ್ಪತ್ರೆಯವರು ವಾಪಸು ಕಳಿಸಿದ್ದ ಏಳು ರಿಜಿಸ್ಟರು ಅಟ್ಟದ ಮೇಲಿದ್ದವು. ಅಂಟಣ್ಣ ಅವನ್ನು ಇಳಿಸಿ ಧೂಳು ಹೊಡೆದು, ಯಾರನ್ನೂ ನೋಡದೆ, "ನಾನೇ ಅಂಟಿಸಿದ್ದಲ್ಲವಾ ಇದನ್ನ. ನನಗೂ ಓದೋಕೆ ಬರ್ತಿದ್ರೆ ಅವತ್ತೇ ಗೊತ್ತಾಗ್ತಿತ್ತು," ಎಂದು ಗೊಣಗಿದ.

ಆಮೇಲಿನದು ಕೈಯ ಕೆಲಸ. ಅಲ್ಲಿ ಅವಳಿಗೆ ಯಾರ ಭಯವೂ ಇರಲಿಲ್ಲ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಬೆನ್ನಿನ ಮೇಲೆ ಹಾಸಿ ಕಾದಳು. ಅವಸರ ಮಾಡಿದರೆ ಕಾಗದ ಹಿಸಿದು ಮುದ್ದೆಯಾಗುತ್ತದೆ, ತಡ ಮಾಡಿದರೆ ಮಸಿ ಕದಡುತ್ತದೆ. ಬಟ್ಟೆಯ ಬಿಸಿ ಆರಿ ಅಂಗೈಯ ಬಿಸಿಗೆ ಬರುವ ಹೊತ್ತು ಒಂದಿದೆ, ಅದಕ್ಕೆ ಗಡಿಯಾರವಿಲ್ಲ. ಆ ಹೊತ್ತಿಗೆ ಮೊಂಡು ಚಾಕುವನ್ನು ಬಟ್ಟೆಯಡಿ ತೂರಿಸಿ ಎತ್ತಿದಳು. ಬೆನ್ನು ಸಿಪ್ಪೆಯಂತೆ ಬಿಟ್ಟುಕೊಂಡಿತು. ಒಳಗಿನ ಪಟ್ಟಿಗಳನ್ನು ಉಗುರಿನ ತುದಿಯಿಂದ ಒಂದೊಂದಾಗಿ ಬಿಡಿಸಿ ಗಾಜಿನ ಮೇಲೆ ಹಾಸಿದಳು. ಒಂದರಲ್ಲಿ ಬರೀ ನೀಲಿ ಮೊಹರಿನ ಚೂರು. ಇನ್ನೊಂದರಲ್ಲಿ ಹಣದ ಮೊತ್ತ, ಹೆಸರಿಲ್ಲ. ಮೂರನೆಯದರಲ್ಲಿ ಬಿಲ್ಲಿನ ನಂಬರು. ಅಧಿಕಾರಿ ಕುರ್ಚಿ ಬಿಟ್ಟು ಬಂದು ಅವಳ ಭುಜದ ಹಿಂದೆ ನಿಂತಿದ್ದರು.

"ನಾಲ್ಕು ಸಾವಿರದ ನೂರ ಇಪ್ಪತ್ತೇಳು," ಎಂದು ಓದಿ ದಿನವಹಿಯ ಕಡೆ ತಿರುಗಿದರು.

"ನಲವತ್ತು ರೀಮು," ಎಂದಿತು ನಾದಿನಿಯ ದನಿ. ಅವಳು ಕೂತ ಜಾಗದಿಂದ ಅಲುಗಿರಲಿಲ್ಲ. ಕಣ್ಣು ಗೋಡೆಯ ಮೇಲಿತ್ತು. "ಹದಿನಾರನೇ ತಾರೀಕು, ಮಂಗಳವಾರ. ಅದರಲ್ಲಿ ಎರಡು ರೀಮು ಅಂಚು ಒದ್ದೆಯಾಗಿತ್ತು. ವಾಪಸ್ ಕಳಿಸಿ ಮೂವತ್ತೆಂಟಕ್ಕೆ ದುಡ್ಡು ಕೊಟ್ವಿ."

ಅಧಿಕಾರಿ ಪುಟ ಹುಡುಕಿ ಬೆರಳಿಟ್ಟರು. ಹದಿನಾರು. ಮಂಗಳವಾರ. ಎರಡು ರೀಮು, ಅಂಚು ಒದ್ದೆ. ಅವರು ಇನ್ನೊಂದು ಪಟ್ಟಿ ತೆಗೆದುಕೊಂಡು ಬರೀ ಮೊತ್ತವನ್ನು ಓದಿದರು. ನಾದಿನಿ ತಾರೀಕು ಹೇಳಿದಳು, ಗಾಡಿಯವನಿಗೆ ಕೊಟ್ಟ ಬಾಡಿಗೆ ಹೇಳಿದಳು, ಅವನು ಚಿಲ್ಲರೆ ಇಲ್ಲವೆಂದು ಉಳಿಸಿಕೊಂಡ ಕಾಸನ್ನೂ ಹೇಳಿದಳು. ಮಧ್ಯಾಹ್ನದ ಊಟ ಯಾರಿಗೂ ನೆನಪಾಗಲಿಲ್ಲ. ಏಳು ರಿಜಿಸ್ಟರು ಬಿಚ್ಚುವ ಹೊತ್ತಿಗೆ ಓದಬಲ್ಲ ಪಟ್ಟಿಗಳು ಹನ್ನೊಂದು ಸಿಕ್ಕಿದ್ದವು. ಯಜಮಾನಿ ಬಿಡಿಸುತ್ತಿದ್ದಳು, ಅಧಿಕಾರಿ ಓದುತ್ತಿದ್ದರು, ಆ ದನಿ ಉತ್ತರಿಸುತ್ತಿತ್ತು. ಹನ್ನೊಂದಕ್ಕೆ ಹನ್ನೊಂದೂ. ನಡುವೆ ಎಲ್ಲೋ ಯಜಮಾನಿಗೆ ತನ್ನ ಅಪರಾಧವೇ ಮರೆತುಹೋಯಿತು. ಕೈ ಒದ್ದೆಯಾಗಿ ನಿಂತು, ಎಂಥ ತಲೆ ಇದು, ದೇವರೇ, ಎಂಥ ತಲೆ ಎಂದು ಬೆರಗಿನಿಂದ ಕೇಳುತ್ತಿದ್ದಳು. ಇಷ್ಟು ವರ್ಷ ಪಕ್ಕದಲ್ಲೇ ಇದ್ದು ಇದನ್ನು ಮೆಚ್ಚಿಕೊಳ್ಳದಿರಲು ಎಷ್ಟೊಂದು ಕಷ್ಟಪಟ್ಟಿರಬೇಕು ತಾನು.

"ನಾನು ಕಂಡದ್ದನ್ನ ಬರೀತೀನಿ," ಎಂದರು ಅಧಿಕಾರಿ ಹೊರಡುವಾಗ. "ತೀರ್ಮಾನ ಮೇಲಿನವರದು. ಆಸ್ಪತ್ರೇಲಿರೋ ರಿಜಿಸ್ಟರಲ್ಲಿ ಇನ್ನೊಂದು ಹತ್ತು ಬಿಚ್ಚಿಸಬೇಕಾಗಬಹುದು. ಬಿಚ್ಚಿದ್ದನ್ನ ಮತ್ತೆ ಕಟ್ಟಿಕೊಡ್ತೀರಾ?"

"ಮೊದಲಿಗಿಂತ ಗಟ್ಟಿಯಾಗಿ," ಎಂದಳು ಯಜಮಾನಿ.

"ಖರೀದಿ ಒಪ್ಪಿಕೊಳ್ತಾರೆ ಅಂತ ನನ್ನ ಅಂದಾಜು. ಆದರೆ ಬಿಲ್ಲು ಕಾಪಾಡದೆ ಇದ್ದದ್ದಕ್ಕೆ ದಂಡ ಇದ್ದೇ ಇದೆ. ಅದನ್ನ ನಾನು ತಪ್ಪಿಸೋಕಾಗಲ್ಲ. ತಪ್ಪಿಸಲೂಬಾರದು." ಅವರು ಹನ್ನೊಂದು ಪಟ್ಟಿಗಳನ್ನು ನಲುಗದಂತೆ ಎರಡು ರಟ್ಟಿನ ನಡುವೆ ಹರಡಿ, ತಮ್ಮ ತೆರೆಯದ ಊಟದ ಡಬ್ಬಿಯ ಮೇಲೆ ಇರಿಸಿಕೊಂಡು, ತಾವೇ ದಾರ ಕೇಳಿ ಕಟ್ಟಿದರು. ಗಂಟು ಬೈಂಡರುಗಳು ಹಾಕುವ ಗಂಟಾಗಿತ್ತು. ದಂಡ ಹಾಕಿ ಹೋಗುತ್ತಿರುವ ಮನುಷ್ಯನಿಗೆ ಕೈ ಮುಗಿಯಬೇಕೆಂದು ಅವಳಿಗೆ ಅನ್ನಿಸಿತು, ಮುಗಿದಳು. ಅಂಟಣ್ಣ ಗಾಡಿಯವರೆಗೂ ಹೋಗಿ ಬಿಟ್ಟು ಬರುತ್ತೇನೆಂದು ಹೊರಗೆ ಹೋದ, ಬೇಕೆಂದೇ ಹೋದ.

ಈಗ ಇಬ್ಬರೇ. ಬೆನ್ನಿಲ್ಲದ ಏಳು ರಿಜಿಸ್ಟರುಗಳು ಹೊಲಿಗೆ ಕಾಣುತ್ತ ಮೇಜಿನ ಮೇಲೆ ಬಿದ್ದಿದ್ದವು. ಯಜಮಾನಿ ಬೈಗುಳಕ್ಕೆ ತಯಾರಾಗಿ ನಿಂತಳು. ಒಂದು ಏಟು ಬಿದ್ದರೂ ಸರಿ, ಬೀಳಲಿ.

"ಅತ್ತಿಗೆ," ಎಂದಳು ನಾದಿನಿ, "ಹಾಗಾದ್ರೆ ನನಗೆ ಮರೆವಿಲ್ಲ."

"ಇಲ್ಲ."

"ಒಂದು ಚೂರೂ ಇಲ್ಲ?"

"ಇಲ್ಲ ಕಣೇ. ನನಗಿಂತ, ಅವರಿಗಿಂತ, ಎಲ್ಲರಿಗಿಂತ..."

ನಾದಿನಿ ನಕ್ಕಳು. ನಗು ಮೊದಲು ಭುಜದಲ್ಲಿ ಬಂತು, ಆಮೇಲೆ ಮುಖಕ್ಕೆ. ನಗುತ್ತಲೇ ಸೊಂಟದ ಪುಟ್ಟ ಚೀಲ ಬಿಚ್ಚಿ, ನಾಲ್ಕು ಮಡಿಕೆಯ ಒಂದು ಚೀಟಿ ತೆಗೆದು ಮೇಜಿನ ಮೇಲೆ ಸರಿಸಿದಳು. "ನೋಡಿ, ಎಂಥ ಹುಚ್ಚಿ ನಾನು. ಮೂರು ವಾರದಿಂದ ಇಟ್ಕೊಂಡು ಓಡಾಡ್ತಿದೀನಿ."

ನೆಟ್ಟಗೆ ನಿಂತ ಅಕ್ಷರಗಳು. ಯಜಮಾನಿ ಓದಿದಳು. ಈ ಚೀಟಿ ಇಟ್ಟುಕೊಂಡಿರುವ ಹೆಂಗಸಿಗೆ ದಾರಿ ತಪ್ಪಿದ್ದರೆ ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ. ಅದರ ಕೆಳಗೆ ಅಂಗಡಿಯ ನಂಬರು. ಅದರ ಕೆಳಗೆ ಗೆರೆ ಎಳೆದು: ಬಂದು ಕರೆದುಕೊಂಡು ಹೋಗುವವರು, ನಮ್ಮ ಅತ್ತಿಗೆ.

ಅವಳು ಎರಡನೆಯ ಸಲ ಓದಲಿಲ್ಲ. ಹೇಳಬೇಕಾದ ಮಾತು ಒಂದಿತ್ತು, ಅದು ಯಾವ ಭಾಷೆಯಲ್ಲೂ ಸಣ್ಣದೇ. ಅದನ್ನು ಹುಡುಕುತ್ತಿರುವಾಗಲೇ ನಾದಿನಿ ನಗು ನಿಲ್ಲಿಸಿ, ಕಣ್ಣೊರೆಸಿಕೊಂಡು, ದಿನವಹಿಗಳನ್ನು ಚೀಲಕ್ಕೆ ತುಂಬತೊಡಗಿದ್ದಳು. ವರ್ಷದ ಕ್ರಮದಲ್ಲೇ.

"ಕೋಪ ಇನ್ನೂ ಬಂದಿಲ್ಲ ಅತ್ತಿಗೆ," ಎಂದಳು ಕೆಲಸ ಬಿಡದೆ. "ಈಗ ಜಾಗ ಇಲ್ಲ ಅದಕ್ಕೆ, ಸಂತೋಷವೇ ತುಂಬಿಬಿಟ್ಟಿದೆ. ಆದರೆ ಬರತ್ತೆ. ನನ್ನನ್ನ ನಾನು ಬಲ್ಲೆ, ನಾಳೆಯೋ ನಾಡಿದ್ದೋ ಬಂದೇ ಬರತ್ತೆ, ಸಣ್ಣದಾಗಿ ಬರಲ್ಲ. ಬಂದ ದಿನ ನೀವು ಇಲ್ಲೇ ಇರ್ಬೇಕು. ತಲೆನೋವು ಅಂತ ಮನೇಲಿ ಮಲಗಬಾರದು."

"ಇರ್ತೀನಿ," ಎಂದಳು ಯಜಮಾನಿ.

"ಮಧ್ಯೆ ಬಾಯಿ ಹಾಕಬಾರದು."

"ಹಾಕಲ್ಲ."

ನಾದಿನಿ ಚೀಲಗಳನ್ನು ಎತ್ತಿಕೊಂಡು ಬೀದಿಗೆ ಇಳಿದಳು. ಚೀಟಿ ಮೇಜಿನ ಮೇಲೆಯೇ ಇತ್ತು. ಅವಳು ಅದನ್ನು ಹಿಂದಕ್ಕೆ ಕೇಳಲಿಲ್ಲ, ಇವಳಿಗೆ ಮುಟ್ಟುವ ಧೈರ್ಯ ಬರಲಿಲ್ಲ. ತಿರುವಿನಲ್ಲಿ ಅವಳು ಮರೆಯಾಗುವವರೆಗೂ ಯಜಮಾನಿ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಒಳಗೆ ಬಂದು, ನಾಳೆ ಎಷ್ಟು ಬೇಗ ಬಂದರೆ ನಾದಿನಿಗಿಂತ ಮೊದಲೇ ಬಂದು ಕೂತಿರಬಹುದೆಂದು ಲೆಕ್ಕ ಹಾಕತೊಡಗಿದಳು.